ಆವತಿಯಲ್ಲಿ ಒಂಟಿತನ ಹುಡುಕಿದ್ದು

ಕಡಿಮೆ ದುಡ್ಡಿನಲ್ಲಿ ಪ್ರಯೋಗದ ಸಿನಿಮಾ ತೆಗೆಯುವವನ ಬದುಕಿನಲ್ಲಿ ನಗುವಿಗೆ ಬರಗಾಲವಿಲ್ಲ. ನಗುವವರು ಮಾತ್ರ ಯಾವಾಗಲೂ ಬೇರೆಯವರು. ನನ್ನ ಹಿಂದಿನ ಸಿನಿಮಾದ ಮಧ್ಯದಲ್ಲಿ ಹೆಂಡತಿಯೇ "ಹಾಲು ಉಕ್ಕತ್ತೆ" ಎಂದು ಎದ್ದು ಹೋಗಿದ್ದಳು. ನಾವಿದ್ದದ್ದು ಥಿಯೇಟರಿನಲ್ಲಿ. ದೊಡ್ಡಬಳ್ಳಾಪುರದಲ್ಲಿ ಶಾಮಿಯಾನ ಅಂಗಡಿ ಇಟ್ಟಿರುವ ಮಾವ ಈ ಸಲ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಅಳಿಯಂದ್ರೇ, ಮನೆಯೋರು ಬಿಟ್ಟು ಒಬ್ಬರಾದ್ರೂ ಕೊನೇವರೆಗೂ ಕೂತು ನೋಡ್ಬೇಕು. ಇಲ್ಲಾಂದ್ರೆ ಸುಮ್ನೆ ಬಂದು ಅಂಗಡೀಲಿ ಕೂತ್ಕೊಳ್ಳಿ."

೧. ಹೀರೋ ಎಲ್ಲಿ?

ಆವತಿಯ ಹತ್ತಿರ ಹೊಲದ ಬದುವಿನ ಮೇಲೆ ಮೂರು ಕಾಲಿನ ಸ್ಟ್ಯಾಂಡು ಊರಿ ಕ್ಯಾಮೆರಾ ಕೂರಿಸಿದೆ. ಅರ್ಧ ಊರು ಸೇರಿತು. ಆ ಕಡೆ ಮೂರು ಕಾಲಿನ ವಸ್ತು ಕಂಡರೆ ಸರ್ವೆಯವರು ಬಂದರು, ಜಮೀನು ಹೋಯಿತು ಎಂದೇ ಅರ್ಥ.

"ಸರ್ವೆ ಅಲ್ಲ, ಸಿನಿಮಾ," ಅಂದೆ.

"ಹೀರೋ ಎಲ್ಲವ್ನೆ?"

"ಇಲ್ಲ."

"ಫೈಟು, ಹಾಡು?"

"ಇಲ್ಲ."

"ಕತೆ?"

"ಅದೂ ಇಲ್ಲ. ಮರದ ಕೆಳಗೆ ಒಬ್ಬರು ಸುಮ್ನೆ ಕೂತಿರ್ತಾರೆ."

ಗುಂಪಿನಲ್ಲಿದ್ದ ಯಜಮಾನರೊಬ್ಬರು ತಲೆಯಾಡಿಸಿದರು. "ಸುಳ್ಳು ಹೇಳೋದಾದ್ರೆ ನಂಬೋ ಹಂಗಾದ್ರೂ ಹೇಳಪ್ಪ."

೨. ಊಟ ಆಯ್ತಾ?

ಆ ಯಜಮಾನರನ್ನೇ ಹುಣಸೆಮರದಡಿ ಕೂರಿಸಿದೆ. ವಿಷಯ, ಮನುಷ್ಯನ ಒಂಟಿತನ. ಒಂದೇ ಶಾಟು, ಮಾತಿಲ್ಲ. ಕ್ಯಾಮೆರಾ ಶುರುವಾಯಿತೋ ಇಲ್ಲವೋ, ದಾರಿಯಲ್ಲಿ ಹೋಗುತ್ತಿದ್ದ ಹೆಂಗಸು "ಊಟ ಆಯ್ತಾ ಮಾವ?" ಅಂದಳು. "ಆಯ್ತು ಕಣವ್ವ, ಮುದ್ದೆ, ಬಸ್ಸಾರು," ಅಂದರು ಇವರು. ಮತ್ತೆ ಮೊದಲಿಂದ. ಈ ಸಲ ಡೈರಿಗೆ ಹಾಲು ಹಾಕಲು ಹೊರಟವನು ಪಕ್ಕದಲ್ಲೇ ಕೂತುಬಿಟ್ಟ. ನನಗೆ ರೇಗಿಹೋಯಿತು.

"ಯಜಮಾನ್ರೇ, ನಿಮಗೆ ಈ ಲೋಕದಲ್ಲಿ ಯಾರೂ ಇಲ್ಲ. ಮಾತಾಡ್ಬೇಡಿ!"

"ನೀನು ಕ್ಯಾಮೆರಾ ಎತ್ಕೊಂಡು ಹೋಗ್ತೀಯ. ಮಾತಾಡ್ಸಿದೋರ್ನ ಮಾತಾಡ್ಸದಿದ್ರೆ ನಾಳೆ ನಂಗೆ ನಿಜ್ವಾಗ್ಲೂ ಯಾರೂ ಇರಲ್ಲ."

ಕೊನೆಗೆ ಅವರನ್ನೂ ಎಬ್ಬಿಸಿ ಬರೀ ಮರ, ಹೊಲ ತೆಗೆದೆ. ಮರವನ್ನು ಯಾರೂ ಊಟ ಆಯ್ತಾ ಎಂದು ಕೇಳಲಿಲ್ಲ.

೩. ಕೊನೆಯವರೆಗೂ

ಸಿನಿಮಾವನ್ನು ಆವತಿಯಲ್ಲೇ, ಮಾವನ ಶಾಮಿಯಾನದಡಿ ಒಂದು ಸಂಜೆ ತೋರಿಸಿದೆ. ಎದ್ದು ಹೋಗುವವರನ್ನು ನೋಡಲೆಂದೇ ಮಾವ ಪರದೆಗೆ ಬೆನ್ನು ಹಾಕಿ ಕೂತಿದ್ದರು. ಒಬ್ಬರೂ ಏಳಲಿಲ್ಲ. ಅಳುವ ಮಕ್ಕಳನ್ನು ಗದರಿಸಿಕೊಂಡು ಹೆಂಗಸರೂ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ನನಗೆ ಕಣ್ಣು ತುಂಬಿಬಂತು. ಮುಗಿದದ್ದೇ ತಡ, "ಇನ್ನೊಂದ್ಸಲ ಹಾಕಿ ಸ್ವಾಮಿ!" ಎಂದು ಎಲ್ಲರೂ ಕೂಗಿದರು.

ಮಾವ ನನ್ನ ಕೈ ಹಿಡಿದು, "ಸೋತೆ ಅಳಿಯಂದ್ರೇ," ಅಂದರು.

ಎರಡನೇ ಸಲ ಹಾಕಿದ್ದೇ ಇಬ್ಬರು ಓಡಿಹೋಗಿ ಪರದೆಗೆ ಬೆರಳಿಟ್ಟರು.

"ನೋಡ್ರಪ್ಪ, ಹುಣಸೆಮರ ನನ್ ಹೊಲದಾಗೇ ಐತೆ!"

"ಸರ್ಯಾಗ್ ನೋಡ್ಲಾ, ಬದುನ ನೀನೇ ಈ ಕಡೆ ತಳ್ಳಿದ್ದೀಯ!"

ಯಜಮಾನರು ನನ್ನ ಬೆನ್ನು ತಟ್ಟಿದರು. "ಒಳ್ಳೇ ಪಿಕ್ಚರ್ ಕಣಪ್ಪ. ಮುಂದಿನದ್ನ ನಮ್ ಕೆರೆ ಕಡೆ ತೆಗಿ. ಅಲ್ಲೂ ಒತ್ತುವರಿ ಆಗೈತೆ."