ಎಣ್ಣೆಯಲ್ಲಿ ನೆನೆದ ನಾಲ್ಕು ತಂತಿ

ಉಬಾಲ್ಡೊ ಆ ನಾಲ್ಕು ತಂತಿಗಳನ್ನು ಬಟ್ಟಲಲ್ಲಿ ಎಣ್ಣೆಗೆ ಹಾಕಿ ಅಡಿಗೆಮನೆಯ ಮೇಜಿನ ಮೇಲೆ ಬಿಟ್ಟು ಹೋದದ್ದೇ ತಪ್ಪಾಯಿತು. ಕುರಿಯ ಕರುಳಿನಿಂದ ಹೊಸೆದ ತಂತಿ; ಆಲಿವ್ ಎಣ್ಣೆಯಲ್ಲಿ ಒಂದು ಗಳಿಗೆ ನೆನೆದರೆ ಮೆತ್ತಗಾಗಿ ಇಂಪಾಗಿ ನುಡಿಯುತ್ತದೆ. ಹಳೆಯ ಕಾಲದ ಐದು ತಂತಿಯ ಪಿಟೀಲು ಹಿಡಿದವರೆಲ್ಲ ಮಾಡುವ ಕೆಲಸವೇ. ಆದರೆ ಅವರ ಪಕ್ಕದ ಮನೆಯಲ್ಲಿ ಪಾಲ್ಮೀರಾ ಇರುವುದಿಲ್ಲ.

ಗುಡ್ಡದ ಮೇಲಿನ ಆ ಊರಿನಲ್ಲಿ ಎಂಟುನೂರು ವರ್ಷದ ಹಿಂದಿನ ಹಾಡುಗಳನ್ನು ಹಾಡಿ ನುಡಿಸುವ ಮೂವರ ಮೇಳವಿತ್ತು. ಹಾಡುವವಳು ಎರ್ಸೀಲಿಯಾ, ಅವಳೇ ಯಜಮಾನಿ. ಗ್ವಾಲ್ತಿಯೇರೊ ಕೊಳಲಿನವನು. ಉಬಾಲ್ಡೊ ಹನ್ನೊಂದು ವರ್ಷದಿಂದ ಅವರಿಬ್ಬರ ಬೆನ್ನ ಹಿಂದೆ ಕೂತು, ದಪ್ಪ ತಂತಿಯೊಂದರ ಮೇಲೆ ಕಮಾನು ಎಳೆಯುತ್ತ ಬರೀ ಶ್ರುತಿ ಹಿಡಿದವನು. ಬೇಡಿ ಬೇಡಿ, ಇವತ್ತು ಸಂಜೆ ಇಗರ್ಜಿಯಲ್ಲಿ ಮೊದಲ ಸಲ ಒಂದು ಹಾಡು ಪೂರ್ತಿ ಅವನದು. ಮನೆಯಲ್ಲಿ ಅಭ್ಯಾಸ ಮಾಡಿ ಸವೆದಿದ್ದ ನಾಲ್ಕು ತಂತಿಗಳನ್ನು ಕಿತ್ತು ಒಲೆಗೆ ಹಾಕಿದ್ದ. ದಪ್ಪದ್ದು ಮಾತ್ರ ಉಳಿದಿತ್ತು.

ಕ್ಷೌರ ಮಾಡಿಸಿಕೊಂಡು ಮಧ್ಯಾಹ್ನ ಬಂದರೆ ಮನೆಯೆಲ್ಲ ಬೆಳ್ಳುಳ್ಳಿಯ ಘಮ.

"ಬಾರಪ್ಪಾ, ಕೂತ್ಕೋ," ಎಂದಳು ಅವನ ಒಲೆಯ ಮುಂದೆಯೇ ನಿಂತಿದ್ದ ಪಾಲ್ಮೀರಾ. "ಪಾಸ್ತಾ ಎಣ್ಣೇಲಿ ಹಾಕಿಟ್ಟು ಹೋಗಿದ್ಯಲ್ಲ, ಬೇಯಿಸ್ಬಿಟ್ಟೆ. ಒಂದು ಗಂಟೆ ಕುದಿಸಿದ್ರೂ ಬೇಯಲ್ಲ ಅನ್ನತ್ತೆ! ಯಾವ ಅಂಗಡೀಲಿ ತಂದ್ಯೋ? ನಿಂಗೆ ಚೆನ್ನಾಗಿ ಟೋಪಿ ಹಾಕಿದಾನೆ."

ಉಬಾಲ್ಡೊ ಮುಳ್ಳುಚಮಚದಲ್ಲಿ ಎತ್ತಿ ನೋಡಿದ. ಅವನ ಹಾಡು ಬೆಳ್ಳುಳ್ಳಿ ಮೆತ್ತಿಕೊಂಡು ಜೋತಾಡುತ್ತಿತ್ತು.

"ಅಯ್ಯೋ ಸಿನ್ಯೋರಾ, ಇದು ನನ್ನ ಪಿಟೀಲಿನ ತಂತಿ! ಕುರಿ ಕರುಳು!"

"ಕುರೀದೇ ತಾನೇ? ಉಪ್ಪು ಸರಿಯಾಗಿದ್ಯಾ ಹೇಳು."

ತಂತಿ ಹೊಸೆಯುವವನಿದ್ದದ್ದು ದೂರದ ಪಟ್ಟಣದಲ್ಲಿ. ಅವತ್ತು ಭಾನುವಾರ ಬೇರೆ. ಉಬಾಲ್ಡೊ ಓಡಿಹೋಗಿ ಕಟುಕ ನಝರೇನೊನ ಹಿತ್ತಲ ಬಾಗಿಲು ಬಡಿದ. ನಿದ್ದೆಗಣ್ಣಿನಲ್ಲೇ ಅವನು ಹಸಿ ಕರುಳು ತಂದುಕೊಟ್ಟ.

"ತಗೋ, ನಾಲ್ಕು ಮೊಳ. ಹಾಡು ಕೆಟ್ರೆ ಹುರ್ಕೊಂಡಾದ್ರೂ ತಿನ್ನು ಕಣಯ್ಯಾ."

ಹೊಸೆದು ಬಟ್ಟೆ ಒಣಗಿಸುವ ಹಗ್ಗಕ್ಕೆ ಕಟ್ಟಿದ. ಎದುರು ಕಿಟಕಿಯವಳು "ನೆರಳಲ್ಲಿ ಹಾಕು" ಅಂದಳು. ಮೇಲಿನ ಕಿಟಕಿಯವಳು "ಬಿಸಿಲಲ್ಲೇ ಇರ್ಲಿ" ಅಂದಳು. ಇಬ್ಬರಿಗೂ ಜಗಳ ಹತ್ತಿತು, ತಂತಿ ಹಸಿಯಾಗಿಯೇ ಉಳಿಯಿತು. ಅದನ್ನೇ ಪಿಟೀಲಿಗೆ ಬಿಗಿದುಕೊಂಡು ಹೊರಟಾಗ ಐದು ನಾಯಿಗಳು ಹಿಂದೆಯೇ ಬಂದು, ಬೀಗರ ಹಾಗೆ ಇಗರ್ಜಿಯ ಮೊದಲ ಸಾಲಿನಲ್ಲಿ ಕೂತವು.

"ಪಿಟೀಲು ತಂದಿದೀಯೋ, ಕುರೀನೇ ತಂದಿದೀಯೋ?" ಎಂದ ಗ್ವಾಲ್ತಿಯೇರೊ, ಮೂಗು ಹಿಡಿದು.

ಎರ್ಸೀಲಿಯಾ ಎದ್ದು ನಿಂತು, "ಈಗ ನಮ್ಮ ಉಬಾಲ್ಡೊ ಒಬ್ಬನೇ ನುಡಿಸ್ತಾನೆ," ಎಂದಳು. ಅವನು ತಂತಿಯನ್ನು ಇಷ್ಟೇ ಇಷ್ಟು ಬಿಗಿ ಮಾಡಿದ. ಠಪ್. ಇನ್ನೊಂದು. ಠಪ್. ನಾಲ್ಕೂ ಹರಿದು ಮೊಣಕಾಲ ಮೇಲೆ ಬಿದ್ದವು.

ಉಳಿದದ್ದು ಆ ದಪ್ಪ ತಂತಿ. ಕಣ್ಣು ಮುಚ್ಚಿ ಅದನ್ನೇ ಎಳೆದ. ಅದೇ ಒಂದು ಸ್ವರ ಕಲ್ಲಿನ ಗೋಡೆ ಹತ್ತಿ, ಚಾವಣಿಯ ಕಮಾನು ಬಳಸಿ, ಜೇನಿನ ಹಾಗೆ ನಿಧಾನ ಇಳಿದು ಬಂತು. ಮರ್ಯಾದೆ ಹೋಗಬಾರದೆಂದು ಎರ್ಸೀಲಿಯಾ ಅವನ ಹಾಡನ್ನು ತಾನೇ ಎತ್ತಿಕೊಂಡಳು. ಪಡುವಣ ಕಿಟಕಿಯ ಬಿಸಿಲು ಗೋಡೆಯ ಮಾಸಿದ ಸಂತರ ಮುಖಕ್ಕೆ ಬಂದು, ಅವರೂ ಉಸಿರಾಡಿದ ಹಾಗೆ ಕಂಡಿತು. ನಾಯಿಗಳು ಕಾಲ ಮೇಲೆ ತಲೆಯಿಟ್ಟವು. ಮೂರನೆಯ ಸಾಲಿನಲ್ಲಿದ್ದ ಪಾಲ್ಮೀರಾಗೆ, ತೀರಿಕೊಂಡ ಗಂಡ ಟೋಪಿ ಕೈಯಲ್ಲಿ ಹಿಡಿದು ಓಣಿ ಹತ್ತಿ ಬಂದಂತಾಯಿತು. ಹಾಡು ಯಾರದೆಂಬುದು ಒಂದು ಗಳಿಗೆ ಉಬಾಲ್ಡೊಗೂ ಮರೆತುಹೋಯಿತು.

ಮುಗಿದ ಮೇಲೆ ಎರ್ಸೀಲಿಯಾ ಕಣ್ಣೊರೆಸಿಕೊಳ್ಳುತ್ತ ಬಂದಳು. "ಬೇಡಿ ತಗೊಂಡ ಹಾಡನ್ನ ನಂಗೇ ಬಿಟ್ಕೊಟ್ಯಲ್ಲೋ! ಅದೂ ನಾಲ್ಕು ತಂತೀನೂ ಕಿತ್ತು ಹಾಕಿ!"

"ಅದು ನಾನು ಕಿತ್ತದ್ದಲ್ಲ, ಸಿನ್ಯೋರಾ…"

"ಸುಮ್ನಿರು. ದೊಡ್ಡ ಮನಸ್ಸಿನೋರು ಹಿಂಗೇ ಅನ್ನೋದು."

ಅಷ್ಟರಲ್ಲಿ ಪಟ್ಟಣದಲ್ಲಿ ಕಛೇರಿ ಗೊತ್ತುಮಾಡುವ ಮುದುಕರೊಬ್ಬರು ಉಬಾಲ್ಡೊನ ಎರಡೂ ಕೈ ಹಿಡಿದುಕೊಂಡರು. "ಇಪ್ಪತ್ತಮೂರು ಊರಲ್ಲಿ ಏರ್ಪಾಡು ಮಾಡಿಸ್ತೀನಿ. ಒಂದೇ ಷರತ್ತು, ಇವ್ರು ಈ ಸ್ವರ ಬಿಟ್ಟು ಬೇರೇದು ಮುಟ್ಟಬಾರ್ದು."

"ಅದಕ್ಕೇನಂತೆ," ಎಂದ ಗ್ವಾಲ್ತಿಯೇರೊ, ಯಾರೂ ಕೇಳುವ ಮೊದಲೇ. "ಅವನ ಹಾಡು ನಾನು ಊದ್ತೀನಿ."

ಮುಂದಿನ ಕಛೇರಿಯಲ್ಲಿ ಉಬಾಲ್ಡೊನ ಕುರ್ಚಿಯನ್ನು ಎಲ್ಲರಿಗಿಂತ ಮುಂದೆ, ನಟ್ಟನಡುವೆ ಹಾಕಿಸಿದರು. ಇಡೀ ಊರಿಗೆ ಕಾಣುವ ಹಾಗೆ ಅವನು ಶ್ರುತಿ ಹಿಡಿದ.