ಕುವೈತಿನ ತಾರಸಿ, ಕಾಪುವಿನ ಮಳೆ

ಆ ಸಂಜೆ ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ ನಾಲ್ವರಿದ್ದೆವು. ಮಲ್ಲಿಗೆ ಕಟ್ಟುತ್ತಿದ್ದ ಅಮ್ಮ ಮತ್ತು ಅಕ್ಕ, ಅವರಿಗೆ ಬಾಳೆನಾರು ಸೀಳಿ ಕೊಡುತ್ತಿದ್ದ ಪಕ್ಕದ ಮನೆಯ ಕ್ರಿಸ್ತಿನ್ ಬಾಯಿ, ಸುಮ್ಮನೆ ಕುಳಿತ ನಾನು. ಈಸಿಚೇರಿನಲ್ಲಿ ಅಕ್ಕನ ಗಂಡ, ಅಂದರೆ ನಮ್ಮ ಭಾವನೂ ಇದ್ದರಲ್ಲ, ಅವರನ್ನೇಕೆ ಬಿಟ್ಟೆ ಎಂದು ಕೇಳುವಿರೋ? ಕಾರಣ ಇದೆ. ಚೇರಿನಲ್ಲಿದ್ದದ್ದು ಭಾವನ ದೇಹ ಮಾತ್ರ. ಭಾವ ಇದ್ದದ್ದು ಕುವೈತಿನಲ್ಲಿ!

ಎಪ್ಪತ್ತರ ದಶಕದ ಕೊನೆಯ ಮಾತು ಇದು. ಆಗ ಗಲ್ಫಿನಿಂದ ಬರುವವರು ಸೆಂಟು ತರುತ್ತಿದ್ದರು, ಟಾರ್ಚು ತರುತ್ತಿದ್ದರು, ಹೂವಿನ ಚಿತ್ರದ ಫ್ಲಾಸ್ಕು ತರುತ್ತಿದ್ದರು. ನಮ್ಮ ಭಾವ ಇವೆಲ್ಲದರ ಜೊತೆಗೆ ಒಂದು ಹವಾಮಾನವನ್ನೂ ತರುತ್ತಿದ್ದರು. ರಜೆ ಸಿಗುತ್ತಿದ್ದದ್ದು ಯಾವಾಗಲೂ ಬೇಸಗೆಯಲ್ಲಿ. ಮೊದಲ ಮೋಡ ಕಾಣಿಸುವಷ್ಟರಲ್ಲಿ ಹೊರಟುಬಿಡುವರು. ಹಾಗಿದ್ದೂ ಅವರ ಬೈಗುಳವೆಲ್ಲ ನಮ್ಮ ಮಳೆಗಾಲಕ್ಕೇ ಮೀಸಲು.

ಇಲ್ಲಿ ಒಂದು ಅಂಗಿ ಒಣಗಬೇಕಾದರೆ ನಾಲ್ಕು ದಿನ ಒಲೆಯ ಮೇಲೆ ನೇತು ಹಾಕಬೇಕು, ಆಮೇಲೆ ತೊಟ್ಟುಕೊಂಡು ಹೋದರೆ ಊರಿಗೆಲ್ಲ ಹೊಗೆಯ ವಾಸನೆ. ಅಲ್ಲಿ ಎರಡನೆಯ ಅಂಗಿಯನ್ನು ಹಗ್ಗಕ್ಕೆ ಹಾಕುವಷ್ಟರಲ್ಲಿ ಮೊದಲನೆಯದು ಒಣಗಿ ಹಪ್ಪಳವಾಗಿರುತ್ತದೆ ಎಂದು ಆ ಸಂಜೆ ಭಾವ ವಿವರಿಸಿದರು. ಅಮ್ಮ ಹೂವಿನಿಂದ ಕಣ್ಣೆತ್ತದೆ ಹೇಳಿದರು:

"ಹಾಗಾದರೆ ಅಲ್ಲಿಯ ಹೆಂಗಸರಿಗೆ ಕೂತುಕೊಳ್ಳಲಿಕ್ಕೇ ಪುರಸೊತ್ತಿಲ್ಲ ಅಂತಾಯ್ತು."

ಹವಾಮಾನ ಮನೆಯೊಳಗಿನ ಪಾಠವಾದರೆ, ಭೂಗೋಳ ನಡೆಯುತ್ತಿದ್ದದ್ದು ಬಸ್ಸಿನಲ್ಲಿ. ಕಾರ್ಕಳದ ನೆಂಟರ ಮನೆಗೆಂದು ಒಮ್ಮೆ ನಾನೂ ಭಾವನೂ ಉಡುಪಿಯಲ್ಲಿ ಬಸ್ಸು ಹತ್ತಿದೆವು. ಬಸ್ಸು ಮಣಿಪಾಲದ ಏರಿನಲ್ಲಿ ಏದುಸಿರು ಬಿಡತೊಡಗಿದ್ದೇ ತಡ, ಭಾವ ಶುರು ಮಾಡಿದರು. ಅಲ್ಲಿಯ ನೆಲ ದೋಸೆಯ ಕಾವಲಿಯಂತೆ ಸಪಾಟು, ಡ್ರೈವರನಿಗೆ ನಿದ್ದೆ ಬಂದರೂ ಬಸ್ಸು ತಾನಾಗಿ ಊರು ಸೇರುತ್ತದೆ. ಜನ ತಲೆದೂಗಿದರು. ಧೂಳಿನ ಗಾಳಿ ಎದ್ದರೆ ಪಕ್ಕದಲ್ಲಿ ನಿಂತವನ ಮೂಗು ಕಾಣುವುದಿಲ್ಲ. ಅದಕ್ಕೂ ತಲೆದೂಗಿದರು. ಕಾರ್ಕಳದ ಕರಿಬಂಡೆ ಕಾಣಿಸಿಕೊಂಡಾಗ, ಇಂಥದ್ದೊಂದು ಕಲ್ಲನ್ನು ಅಲ್ಲಿಗೆ ಒಯ್ದು ಇಟ್ಟರೆ ಜನ ಅದರ ನೆರಳಿಗೆ ಟಿಕೇಟು ಕೊಂಡು ಬಂದಾರು ಎಂದರು. ಅದನ್ನೂ ನಂಬಿದರು. ಆಗ ಮುಂದಿನ ಸೀಟಿನ ಅಜ್ಜರೊಬ್ಬರು ಮೆಲ್ಲಗೆ ತಿರುಗಿ, ಅಲ್ಲಿಯ ಹೊಳೆಯ ಹೆಸರು ಎಂತ ಎಂದು ಕೇಳಿದರು.

"ಹೊಳೆ ಇಲ್ಲ. ಸಮುದ್ರದ ನೀರಿನಿಂದ ಉಪ್ಪು ತೆಗೆದು ಕುಡಿಯುವುದು."

ಇಡೀ ಬಸ್ಸು ನಕ್ಕಿತು. ಕಂಡಕ್ಟರು ಟಿಕೇಟು ಹರಿಯುವುದನ್ನು ನಿಲ್ಲಿಸಿ, "ಸ್ವಲ್ಪ ಕಡಿಮೆ ಮಾಡಿ ಮಾರಾಯ್ರೆ" ಎಂದ. ಅಷ್ಟು ದೂರದ ದಾರಿಯಲ್ಲಿ ಭಾವ ಆಡಿದ ಒಂದೇ ಒಂದು ಅಪ್ಪಟ ಸತ್ಯಕ್ಕೆ ಬಂದ ಗತಿ ನೋಡಿ!

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಆ ವರ್ಷ ಭಾವ ನಮ್ಮ ಹಿತ್ತಲಿನಾಚೆಯ ಜಾಗದಲ್ಲಿ ಸ್ವಂತ ಮನೆ ಕಟ್ಟಿಸಿದರು. ನಮ್ಮೂರಿನಲ್ಲಿ ಮನೆ ಎಂದರೆ ಇಳಿಜಾರು ಮಾಡು, ಮಂಗಳೂರು ಹೆಂಚು, ಗೋಡೆ ದಾಟಿ ಕೆಳಗಿಳಿಯುವ ಸೂರು. ಭಾವನ ಮನೆಗೆ ಇವು ಯಾವುದೂ ಇಲ್ಲ. ಕುವೈತಿನಲ್ಲಿ ಇದ್ದಂತೆಯೇ ಮಟ್ಟಸವಾದ ತಾರಸಿ, ಸುತ್ತ ಮೊಳದೆತ್ತರದ ಗೋಡೆ, ನೀರು ಹೋಗಲು ಮೂಲೆಯಲ್ಲೊಂದು ತೂತು. ಮೇಸ್ತ್ರಿ ತಲೆ ಕೆರೆದುಕೊಂಡು ಮಳೆಯ ವಿಷಯ ಎತ್ತಿದ. ಸೆಕೆಗಾಲದಲ್ಲಿ ನಕ್ಷತ್ರ ನೋಡುತ್ತಾ ಮೇಲೆ ಮಲಗುವ ಸುಖ ನಿನಗೆ ಗೊತ್ತಿಲ್ಲ ಎಂದು ಭಾವ ಅವನ ಬಾಯಿ ಮುಚ್ಚಿಸಿದರು.

ಈಗ ಆ ಸಂಜೆಯ ಚಾವಡಿಗೆ ಬರೋಣ. ಅಂಗಿ ಒಣಗಿಸುವ ಕಥೆಗೆ ಒಂದು ಉದ್ದೇಶ ಇತ್ತು. ಭಾವನಿಗೆ ಹೆಂಡತಿಯನ್ನು ಕರೆದೊಯ್ಯಲು ಅನುಮತಿ ಸಿಕ್ಕಿತ್ತು. ಹೋಗುತ್ತೇನೆ ಎಂದು ಅಕ್ಕ ಹೇಳಿರಲಿಲ್ಲ, ಹೋಗುವುದಿಲ್ಲ ಎಂದೂ ಹೇಳಿರಲಿಲ್ಲ. ಮದುವೆಯಾದಂದಿನಿಂದ ಅವರಿಬ್ಬರೂ ಒಟ್ಟಿಗೆ ಕಳೆದದ್ದು ಬರೀ ಬೇಸಗೆಗಳನ್ನು. ಭಾವ ಅಲ್ಲಿ ತಾವೇ ಅನ್ನ ಬೇಯಿಸಿಕೊಳ್ಳುತ್ತಿದ್ದರು, ಅಕ್ಕ ಇಲ್ಲಿ ನಮ್ಮ ಜೊತೆ ಉಣ್ಣುತ್ತಿದ್ದಳು. ಕುವೈತಿನ ಬಿಸಿಲನ್ನು ಭಾವ ಆ ಸಂಜೆ ಅಷ್ಟು ಹೊಗಳಿದ್ದು ಇವಳೊಬ್ಬಳ ಕಿವಿಗಾಗಿ.

ಅಕ್ಕ ಕೈಯಲ್ಲಿದ್ದ ಮಾಲೆಗೆ ಗಂಟು ಹಾಕಿದಳು.

"ಒಂದು ಮಳೆಗಾಲ ನೀವು ಆ ಹೊಸ ಮನೆಯಲ್ಲಿ ನನ್ನ ಜೊತೆ ಇರಿ. ಆಮೇಲೆ ಎಲ್ಲಿಗೆ ಕರೆದರೂ ಬರುತ್ತೇನೆ."

ಭಾವ ಎಂತ ಮಾಡುವುದು? ಕಂಪೆನಿಗೆ ತಂತಿ ಕಳಿಸಿ ಸಂಬಳವಿಲ್ಲದ ರಜೆ ಪಡೆದರು.

ಜೂನಿನಲ್ಲಿ ಮಳೆ ಬಂತು. ನಮ್ಮಲ್ಲಿ ಅದು ಬರುವುದೆಂದರೆ ಗೊತ್ತಲ್ಲ, ನೆಂಟರಂತೆ ಬಂದು ಯಜಮಾನರಂತೆ ಉಳಿಯುತ್ತದೆ. ಮೂಲೆಯ ತೂತಿಗೆ ಒಂದು ಹಲಸಿನೆಲೆ ಅಂಟಿಕೊಂಡಿತು. ತಾರಸಿ ಕೆರೆಯಾಯಿತು. ಎಲ್ಲಿಂದಲೋ ಬಂದ ಕಪ್ಪೆಗಳು ಮೇಲೆ ಸಂಸಾರ ಹೂಡಿದವು. ಸೂರಿಲ್ಲದ ಗೋಡೆಗಳು ನೆನೆದ ಬಿಸ್ಕತ್ತಿನಂತಾದವು. ಒಳಗೆ ಪಾತ್ರೆಗಳೆಲ್ಲ ಅಡುಗೆಮನೆ ಬಿಟ್ಟು ನಡುಮನೆಗೆ ಬಂದು ಸೋರುವ ಜಾಗದಲ್ಲೆಲ್ಲ ಕುಳಿತವು. ನೋಡಲು ಬಂದ ಕ್ರಿಸ್ತಿನ್ ಬಾಯಿ ಬಾಗಿಲಲ್ಲೇ ನಿಂತು, ಬಹಳ ಮರ್ಯಾದೆಯಿಂದ ಹೇಳಿದರು:

"ಅಲ್ಲಿಯವರು ನೀರಿಗೆ ಸಮುದ್ರದವರೆಗೆ ಹೋಗಬೇಕು. ನೀವು ಬುದ್ಧಿವಂತರು, ತಲೆಯ ಮೇಲೆಯೇ ಕೆರೆ ಕಟ್ಟಿಸಿಕೊಂಡಿದ್ದೀರಿ."

ತೆಂಗಿನ ಕಡ್ಡಿಯ ಹಿಡಿಸೂಡಿ ಹಿಡಿದು ದಿನಕ್ಕೆ ಹಲವು ಸಲ ಮೇಲೆ ಹತ್ತಿ ನೀರು ದೂಡುವುದೇ ಭಾವನ ಉದ್ಯೋಗವಾಯಿತು.

ಒಂದು ಮಧ್ಯಾಹ್ನ ನಾನು ಅಲ್ಲಿ ತುಂಬಿದ ಪಾತ್ರೆಗಳನ್ನು ಹೊರಗೆ ಚೆಲ್ಲುತ್ತಿದ್ದೆ. ಮೇಲೆ ಹಿಡಿಸೂಡಿಯ ಸದ್ದು ನಿಂತು ಬಹಳ ಹೊತ್ತಾಗಿತ್ತು. ಊಟಕ್ಕೆ ಕರೆಯಲು ಅಕ್ಕ ಹೊರಗಿನ ಮೆಟ್ಟಿಲು ಹತ್ತಿದಳು, ಅವಳ ಹಿಂದೆ ನಾನೂ. ಭಾವ ತಾರಸಿಯ ನಡುವೆ, ಪಾದ ಮುಳುಗುವಷ್ಟು ನೀರಿನಲ್ಲಿ, ಮುಖ ಮೇಲೆತ್ತಿ ಕಣ್ಣು ಮುಚ್ಚಿ ನಿಂತಿದ್ದರು. ಜ್ವರ ಬಂದೀತು, ಇಳಿಯಿರಿ ಎಂದಳು ಅಕ್ಕ. ಅವರು ಕಣ್ಣು ತೆರೆಯಲಿಲ್ಲ.

"ಹೋದ ಚಳಿಗಾಲದಲ್ಲಿ ಅಲ್ಲಿ ಒಂದು ಸಲ ಜೋರು ಮಳೆ ಬಂತು. ಕಾಲು ಗಂಟೆ ಇಲ್ಲ. ರೂಮಿನಲ್ಲಿದ್ದ ನಮ್ಮ ಊರಿನವರೆಲ್ಲ ಹೊರಗೆ ಬಂದು ನಿಂತೆವು ಮಾರಾಯ್ತಿ. ಒಬ್ಬನೂ ಮಾತಾಡಲಿಲ್ಲ."

"ಮತ್ತೆ ಇಲ್ಲಿಗೆ ಬಂದು ಮಳೆಯನ್ನು ಬೈಯುವುದು ಎಂತಕ್ಕೆ?"

"ಬೈಯದಿದ್ದರೆ ವಾಪಸು ಹೋಗುವುದು ಹೇಗೆ?"

ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದು ಅವರ ಪಕ್ಕದಲ್ಲಿ ನಿಂತಳು. ನಾನು ಕೆಳಗಿಳಿದು ಬಂದೆ.

ಮಳೆಗಾಲ ಮುಗಿದ ಮೇಲೆ ಭಾವ ಅದೇ ಮೇಸ್ತ್ರಿಯನ್ನು ಕರೆಸಿ ತಾರಸಿಯ ಮೇಲೊಂದು ಹೆಂಚಿನ ಮಾಡು ಏರಿಸಿದರು. ಅಕ್ಕ ಕೊಟ್ಟ ಮಾತಿನಂತೆ ಅವರ ಜೊತೆ ಹೊರಟಳು.

ಎರಡು ವರ್ಷ ಬಿಟ್ಟು ಅವರು ರಜೆಗೆ ಬಂದದ್ದು ಬೇಸಗೆಯಲ್ಲಲ್ಲ, ಮಳೆಗಾಲದ ನಡುವಿನ ಆಟಿಯಲ್ಲಿ. ಗಲ್ಫಿನವರು ಯಾರೂ ಊರಿಗೆ ಬರದ, ಇಲ್ಲಿಯವರೇ ಹೊರಗೆ ಕಾಲಿಡಲು ಬೇಸರಪಡುವ ತಿಂಗಳು ಅದು. ಬಜ್ಪೆ ವಿಮಾನ ನಿಲ್ದಾಣದಿಂದ ಬಂದ ಟ್ಯಾಕ್ಸಿ ಗೇಟಿನ ಹತ್ತಿರ ನಿಂತಾಗ ಮಳೆ ಹುಯ್ಯುತ್ತಿತ್ತು. ಬೇಗ ಓಡಿ ಬನ್ನಿ ಎಂದು ಅಮ್ಮ ಚಾವಡಿಯಿಂದ ಕೂಗಿದರು. ಇಬ್ಬರೂ ನಿಧಾನವಾಗಿ ನಡೆದು ಬಂದರು.