ಗಿರಿಜಕ್ಕನ ಗಣಿತ ಪರೀಕ್ಷೆಯೂ ನನ್ನ ದೋಣಿಯ ಎಂಜಿನ್ನೂ

ಯಂತ್ರಗಳ ಮುಂದೆ ನಾನು ಬಹಳ ವಿನಯವಂತ. ಮಿಕ್ಸಿ ನಿಂತರೂ ಅದರ ತಲೆ ಸವರಿ ‘ಏನಾಯಿತಪ್ಪಾ’ ಎಂದು ಕೇಳುವವನು. ಹೀಗಿದ್ದೂ, ಕನ್ನಡ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಒಂದು ಸಣ್ಣ ದೋಣಿ ಕೊಂಡು ಅದಕ್ಕೆ ಪೆಟ್ರೋಲ್ ಎಂಜಿನ್ ಕೂರಿಸಿದೆ. ನಮ್ಮ ಮನೆ ಕುಂದಾಪುರದ ಹತ್ತಿರ, ಹೊಳೆಯ ನಡುವಿನ ಪುಟ್ಟ ದ್ವೀಪದಲ್ಲಿ, ನಮ್ಮ ಮಾತಿನಲ್ಲಿ ಕುದ್ರುವಿನಲ್ಲಿ. ಬೆಂಕಿಪೊಟ್ಟಣ ಬೇಕೆಂದರೂ ಹೊಳೆ ದಾಟಬೇಕು. ಹುಟ್ಟು ಹಾಕುವವರ ಪಕ್ಕದಲ್ಲಿ ಭರ್ರೆಂದು ಹೋಗುವಾಗ ನನ್ನ ಎದೆ ಕೊಂಚ ಉಬ್ಬುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ನೆರೆಮನೆಯ ಗಿರಿಜಕ್ಕ ಕುಂದಾಪುರದಲ್ಲಿ ಮೀನು ಮಾರುವವರು. ಏಳನೆಯ ತರಗತಿಗೆ ಶಾಲೆ ಬಿಟ್ಟವರು, ಐವತ್ತರ ಹೊಸ್ತಿಲಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಟ್ಟಿದರು. ಕುದ್ರುವಿನಲ್ಲಿ ಬೇರೆ ಮೇಷ್ಟ್ರಿಲ್ಲದ ಕಾರಣ ಗಣಿತ, ವಿಜ್ಞಾನಗಳನ್ನೂ ನಾನೇ ಹೇಳಿಕೊಟ್ಟೆ. ಗಣಿತ ಪರೀಕ್ಷೆಯ ದಿನ ಎಲ್ಲರೂ ಹೋಗುವ ಹುಟ್ಟಿನ ದೋಣಿಗೆ ಅವರು ಹೊರಟಾಗ ತಡೆದವನೂ ನಾನೇ. ‘ಪರೀಕ್ಷೆಗೆ ಹೋಗುವವರು ಎಂಜಿನ್ ದೋಣಿಯಲ್ಲೇ ಹೋಗಬೇಕು’ ಎಂದೆ. ಹುಟ್ಟಿನ ದೋಣಿ ಅವರಿಲ್ಲದೆ ಹೊರಟುಹೋಯಿತು.

ನಾನು ಹಗ್ಗ ಎಳೆದೆ. ಎಂಜಿನ್ ಒಮ್ಮೆ ಕೆಮ್ಮಿತು. ಮತ್ತೆ ಎಳೆದೆ. ಕೆಮ್ಮೂ ಇಲ್ಲ. ಹತ್ತು ಸಲ ಎಳೆಯುವಷ್ಟರಲ್ಲಿ ಇಸ್ತ್ರಿಯ ಅಂಗಿ ಬೆನ್ನಿಗಂಟಿತು. ದಡದಲ್ಲಿ ಬಲೆ ಬಿಡಿಸುತ್ತಿದ್ದ ಶೇಷಣ್ಣ ಕೂಗಿದರು: “ಹ್ವಾಯ್ ಮಾಷ್ಟ್ರೇ, ಪ್ಲಗ್ ತೆಗ್ದ್ ಒರ್ಸಿ ಕಾಣಿ!”

ಒರೆಸಿದೆ. ಪಂಚೆಯ ತುದಿ ಕಪ್ಪಾದದ್ದೇ ಲಾಭ. ಪರೀಕ್ಷೆಗೆ ಇನ್ನು ಮುಕ್ಕಾಲು ಗಂಟೆ. ಒಂದು ವರ್ಷದ ಓದು ನನ್ನ ಒಣಜಂಭದಿಂದ ಹೊಳೆಪಾಲಾಯಿತಲ್ಲ! ಗಿರಿಜಕ್ಕನ ಮುಖ ನೋಡುವ ಧೈರ್ಯವೂ ಇರಲಿಲ್ಲ.

ಅಷ್ಟರಲ್ಲಿ ಅವರು ಹಾಲ್‌ಟಿಕೆಟ್ ನನ್ನ ಕೈಗಿತ್ತು, ಸೆರಗು ಸಿಕ್ಕಿಸಿ ಬಗ್ಗಿದರು. ಪೆಟ್ರೋಲ್ ಪೈಪಿನ ನಡುವೆ, ಎಂಜಿನ್ನಿಗೆ ಪೆಟ್ರೋಲ್ ಒತ್ತಿ ಕಳಿಸಲು ಒಂದು ರಬ್ಬರಿನ ಉಂಡೆ ಇರುತ್ತದೆ. ಅದು ಚಪ್ಪಟೆಯಾಗಿ ಅಂಟಿಕೊಂಡಿತ್ತು.

“ಮಾಷ್ಟ್ರೇ, ಟ್ಯಾಂಕಿನ ಮುಚ್ಚಳದ್ ಗಾಳಿ ಸ್ಕ್ರೂ ಬಿಗ್ದದ್ ಯಾರ್?”

“ನಾನೇ. ಪೆಟ್ರೋಲ್ ವಾಸನೆ ಬರುತ್ತದೆ ಅಂತ...”

“ಗಾಳಿ ಒಳ್ಗ್ ಹೋಗ್ದೆ ಪೆಟ್ರೋಲ್ ಹ್ಯಾಂಗೆ ಹೊರ್ಗ್ ಬತ್ತ್ ಮಾರಾಯ್ರೆ? ವಿಜ್ಞಾನದ್ ಪಾಠದೊಳ್ಗೆ ನೀವೇ ಹೇಳ್ಕೊಟ್ಟದ್ದಲ್ದಾ!”

ಹೇಳಿಕೊಟ್ಟದ್ದು ನಿಜ. ಅರ್ಥವಾದದ್ದು ಅವರಿಗೆ ಮಾತ್ರ. ಸ್ಕ್ರೂ ಸಡಿಲಿಸಿದರು, ಟ್ಯಾಂಕು ‘ಸುಂಯ್’ ಎಂದು ಉಸಿರೆಳೆದುಕೊಂಡಿತು. ರಬ್ಬರಿನ ಉಂಡೆ ಗಟ್ಟಿಯಾಗುವವರೆಗೆ ಒತ್ತಿ, ಮೀನುಬುಟ್ಟಿ ಎತ್ತಿ ಪಳಗಿದ ತೋಳಿನಿಂದ ಒಂದೇ ಒಂದು ಎಳೆತ. ಎಂಜಿನ್ ಗುಡುಗಿತು! ಶೇಷಣ್ಣ ಬಲೆ ಬಿಟ್ಟು ಶಿಳ್ಳೆ ಹೊಡೆದರು. ದೋಣಿ ನಡೆಸಿದವರೂ ಗಿರಿಜಕ್ಕನೇ. ಅರ್ಧ ಹೊಳೆಯಲ್ಲಿ ಹುಟ್ಟಿನ ದೋಣಿಯನ್ನು ಹಿಂದೆ ಹಾಕಿದಾಗ ಅದರಲ್ಲಿದ್ದವರೆಲ್ಲ ಎದ್ದು ನಿಂತು ಕೈ ಬೀಸಿದರು. ನಾನು ಮುಂದುಗಡೆ ಅವರ ಜ್ಯಾಮಿತಿಯ ಕಂಪಾಸ್ ಪೆಟ್ಟಿಗೆ ತಬ್ಬಿಕೊಂಡು ಕೂತಿದ್ದೆ. ಗಂಟೆ ಹೊಡೆಯುವ ಮೊದಲೇ ಅವರು ಪರೀಕ್ಷೆಯ ಕೋಣೆಯಲ್ಲಿದ್ದರು.

ಫಲಿತಾಂಶ ಬಂದ ದಿನ ಕುದ್ರುವಿಗೆಲ್ಲ ಪಾಯಸ. ಗಿರಿಜಕ್ಕ ಎಲ್ಲದರಲ್ಲೂ ಪಾಸು. ಗಣಿತದಲ್ಲಂತೂ ಅರವತ್ತೆಂಟು! ಮರುದಿನ ನನ್ನ ದೋಣಿ ಹತ್ತಿದ ಗಿರಿಜಕ್ಕ ಬಲು ಮುಗ್ಧವಾಗಿ ಕೇಳಿದರು: “ಮಾಷ್ಟ್ರೇ, ನಿಮ್ಗೆ ಎಸ್ಸೆಸ್ಸೆಲ್ಸಿ ಗಣಿತಕ್ಕೆ ಎಷ್ಟ್ ಬಂದಿತ್ತ್?”

ನಾನು ತಟ್ಟನೆ ತಿರುಗಿ ಹಗ್ಗ ಎಳೆದೆ. ದೇವರು ದೊಡ್ಡವನು, ಒಂದೇ ಎಳೆತಕ್ಕೆ ಎಂಜಿನ್ ಶುರುವಾಯಿತು. ಆ ಸದ್ದಿನಲ್ಲಿ ಯಾರ ಪ್ರಶ್ನೆ ಯಾರಿಗೆ ಕೇಳಿಸುತ್ತದೆ?